ಬೋಗಾ ಬೋಗಾದ ಕಡಲಡಿಯ ವಿಮಾನ

ಆಸ್ಟ್ರೇಲಿಯಾದ ಉತ್ತರಕ್ಕೆ ನ್ಯೂಗಿನಿ ಎಂಬ ದೊಡ್ಡ ದ್ವೀಪವಿದೆ. ಅದರ ಪೂರ್ವಾರ್ಧ ಪಪುವಾ ನ್ಯೂಗಿನಿ ಎಂಬ ದೇಶ. ಪೂರ್ವಕ್ಕೆ ಹೋದಂತೆ ಆ ನೆಲ ಸಣ್ಣಗಾಗುತ್ತ ಹೋಗಿ ಮಿಲ್ನ್ ಬೇ ಎಂಬ ಪ್ರಾಂತ್ಯದಲ್ಲಿ ಮುಗಿಯುತ್ತದೆ. ಆ ಪ್ರಾಂತ್ಯದ ಉತ್ತರದ ಕರಾವಳಿಯಲ್ಲಿ, ಕೇಪ್ ವೋಗೆಲ್ ಎಂಬ ಭೂಶಿರದ ಬಳಿ, ಬೋಗಾ ಬೋಗಾ ಎಂಬ ಒಂದು ಹಳ್ಳಿ. ಹಳ್ಳಿಯ ಮುಂದೆ ಹವಳದ ದಿಬ್ಬ. ದಿಬ್ಬದ ಅಂಚು ದಾಟಿದ ಕೂಡಲೇ ಕಡಲು ಆಳಕ್ಕೆ ಇಳಿಯುತ್ತದೆ. ಸುಮಾರು 45ರಿಂದ 50 ಮೀಟರ್ ಆಳದಲ್ಲಿ, ಬಿಳಿಯ ಮರಳಿನ ಮೇಲೆ, ನಾಲ್ಕು ಎಂಜಿನುಗಳ ಒಂದು ಬಾಂಬರ್ ವಿಮಾನ ಕೂತಿದೆ. ಹೌದು, ಕೂತಿದೆ ಎಂದೇ ಹೇಳಬೇಕು. ಅದು ಮಗುಚಿಲ್ಲ, ಚೂರಾಗಿಲ್ಲ. ಮೂಗು ನಜ್ಜುಗುಜ್ಜಾಗಿದೆ, ಪ್ರೊಪೆಲ್ಲರ್‌ಗಳು ಬಾಗಿವೆ. ಉಳಿದಂತೆ ರೆಕ್ಕೆಗೆ ರೆಕ್ಕೆ, ಬಾಲಕ್ಕೆ ಬಾಲ ಇದ್ದಲ್ಲೇ ಇವೆ.

ಸಾಮಾನ್ಯವಾಗಿ ಕಡಲಿಗೆ ಬಿದ್ದ ವಿಮಾನ ಹೀಗೆ ಉಳಿಯುವುದಿಲ್ಲ. ಆ ವೇಗದಲ್ಲಿ ಬಂದು ಬಡಿದ ವಿಮಾನಕ್ಕೆ ನೀರು ಕಲ್ಲಿಗಿಂತ ಮೃದುವೇನಲ್ಲ. ಹೆಚ್ಚಿನ ವಿಮಾನಗಳು ಅಲ್ಲೇ ಒಡೆದು ಹೋಗುತ್ತವೆ, ಒಳಗಿದ್ದವರೂ ಅವುಗಳ ಜೊತೆಗೇ ಹೋಗುತ್ತಾರೆ. ಈ ವಿಮಾನದಲ್ಲಿ ಹತ್ತು ಜನ ಇದ್ದರು. ಹತ್ತೂ ಜನ ಬದುಕಿ ದಡ ಸೇರಿದರು. ಕಡಲಡಿಯ ಅವಶೇಷಗಳನ್ನು ನೋಡಲು ಹೋಗುವ ಡೈವರ್‌ಗಳು ಇದನ್ನು ಜಗತ್ತಿನ ಅತ್ಯುತ್ತಮ ವಿಮಾನ ಅವಶೇಷಗಳಲ್ಲಿ ಒಂದು ಎಂದು ಎಣಿಸುವುದು ಅದರ ರೂಪಕ್ಕಾಗಿ. ನಾನು ಇದರ ಬಗ್ಗೆ ನಿಮಗೆ ಹೇಳಬೇಕು ಅಂದುಕೊಂಡದ್ದು ಆ ಹತ್ತು ಜನರಿಗಾಗಿ, ಅವರಿಗಿಂತ ಹೆಚ್ಚಾಗಿ ದಡದಿಂದ ಅವರತ್ತ ಹೋದವರಿಗಾಗಿ.

ವಿಮಾನ ಬೋಯಿಂಗ್ ಕಂಪನಿಯ ಬಿ-17 ಎಫ್. ರೆಕ್ಕೆಯ ತುದಿಯಿಂದ ತುದಿಗೆ 31 ಮೀಟರಿಗೂ ಹೆಚ್ಚು, ಉದ್ದ ಸುಮಾರು 23 ಮೀಟರ್. ಎರಡನೆಯ ಮಹಾಯುದ್ಧದಲ್ಲಿ ಅದು ಅಮೆರಿಕದ 5ನೇ ವಾಯುಪಡೆಯ 43ನೇ ಬಾಂಬರ್ ತಂಡಕ್ಕೆ ಸೇರಿತ್ತು. ಅದರ ಕ್ರಮಸಂಖ್ಯೆಯ ಕೊನೆಯ ಎರಡು ಅಂಕಿ 21. ಇಸ್ಪೀಟಿನ ಒಂದು ಆಟದಲ್ಲಿ 21 ಗೆಲುವಿನ ಸಂಖ್ಯೆ. ಆ ಆಟದ ಹೆಸರನ್ನೇ ವಿಮಾನಕ್ಕೂ ಇಟ್ಟರು, ‘ಬ್ಲ್ಯಾಕ್ ಜ್ಯಾಕ್’ ಎಂದು. ಮೊದಲು ಅದನ್ನು ನಡೆಸುತ್ತಿದ್ದವನು ಕೆನ್ ಮೆಕಲರ್ ಎಂಬ ಧೈರ್ಯಶಾಲಿ ಪೈಲಟ್. ಕೆರೆಯ ದಡದಲ್ಲಿ ನಿಂತ ಮಕ್ಕಳು ಚಪ್ಪಟೆ ಬಿಲ್ಲೆಕಲ್ಲನ್ನು ಓರೆಯಾಗಿ ಎಸೆದು ನೀರಿನ ಮೇಲೆ ಕುಪ್ಪಳಿಸುವಂತೆ ಮಾಡುತ್ತಾರಲ್ಲ, ಹಾಗೆ ಬಾಂಬನ್ನು ನೀರಿನ ಮೇಲೆ ಕುಪ್ಪಳಿಸಿ ಹಡಗಿನ ಪಕ್ಕೆಗೆ ಹೊಡೆಯುವ ಪದ್ಧತಿಯನ್ನು ಪೆಸಿಫಿಕ್‌ನಲ್ಲಿ ಬಳಕೆಗೆ ತಂದ ಮೊದಲಿಗರಲ್ಲಿ ಅವನೊಬ್ಬ. 1943ರ ಏಪ್ರಿಲ್‌ನಲ್ಲಿ ಬೇರೊಂದು ವಿಮಾನ ನೆಲ ಬಿಟ್ಟೇಳುವಾಗ ಆದ ಅಪಘಾತದಲ್ಲಿ ಅವನು ತೀರಿಕೊಂಡ. ಬ್ಲ್ಯಾಕ್ ಜ್ಯಾಕ್ ಬೇರೆಯವರ ಕೈಗೆ ಬಂತು.

ಅದೇ ವರ್ಷ ಜುಲೈ 10ರ ರಾತ್ರಿ ರಾಲ್ಫ್ ಡಿ ಲೋಚ್ ಎಂಬ ಪೈಲಟ್ ದಕ್ಷಿಣ ಕರಾವಳಿಯ ಪೋರ್ಟ್ ಮೋರ್ಸ್‌ಬಿಯಿಂದ ಅದನ್ನು ಮೇಲೆತ್ತಿದ. ಹೋಗಬೇಕಾದದ್ದು ರಬೌಲ್‌ಗೆ. ನ್ಯೂ ಬ್ರಿಟನ್ ದ್ವೀಪದ ರಬೌಲ್ 1942ರ ಜನವರಿಯಲ್ಲಿ ಜಪಾನಿನ ವಶವಾಗಿತ್ತು. ಆಮೇಲೆ ಅದು ದಕ್ಷಿಣ ಪೆಸಿಫಿಕ್‌ನಲ್ಲಿ ಜಪಾನಿನ ಅತಿ ದೊಡ್ಡ ನೆಲೆಯಾಯಿತು. ದಾರಿಯಲ್ಲೇ ಬಲ ರೆಕ್ಕೆಯ ಎಂಜಿನುಗಳು ತೊಂದರೆ ಕೊಡತೊಡಗಿದವು. ಆದರೂ ಹೋದರು, ಬಾಂಬು ಹಾಕಿದರು, ತಿರುಗಿದರು. ವಾಪಸು ಬರುವಾಗ ದೊಡ್ಡ ಬಿರುಗಾಳಿ ಮಳೆಗೆ ಸಿಕ್ಕಿ ದಿಕ್ಕು ತಪ್ಪಿತು. ಮೋರ್ಸ್‌ಬಿಗೆ ಮರಳಬೇಕಾದರೆ ನಡುವೆ ಓವನ್ ಸ್ಟಾನ್ಲಿ ಪರ್ವತಸಾಲು ದಾಟಬೇಕು. ಅದರ ಅತ್ಯುನ್ನತ ಶಿಖರ 4000 ಮೀಟರಿಗೂ ಎತ್ತರ. ಸೊರಗಿದ ಎಂಜಿನು, ಇಳಿಯುತ್ತಿರುವ ಇಂಧನ, ಕಣ್ಣಿಗೆ ಕಾಣದ ಬೆಟ್ಟಗಳು. ಕೊನೆಗೆ ಕರಾವಳಿ ಗುರುತಿಸಿ, ಹವಳದ ದಿಬ್ಬದ ಹತ್ತಿರ, ಡಿ ಲೋಚ್ ವಿಮಾನವನ್ನು ನೀರಿನ ಮೇಲೆ ಇಳಿಸಿದ. ಅದು ಜುಲೈ 11. ವಿಮಾನ ಬೇಗನೇ ಮುಳುಗಿತು. ಅಷ್ಟರೊಳಗೆ ಎಲ್ಲರೂ ಹೊರಗೆ ಬಂದಿದ್ದರು, ಗಾಯಗೊಂಡವರೂ ಸೇರಿ.

ಬೋಗಾ ಬೋಗಾದ ಜನ ಇದನ್ನು ದಡದಿಂದ ನೋಡಿದರು. ಆಗಿನ ದಿನಗಳಲ್ಲಿ ಪಪುವಾದ ಹಳ್ಳಿಗರಿಗೆ ವಿಮಾನವೆಂದರೆ ಒಳ್ಳೆಯ ಸುದ್ದಿಯೇನಲ್ಲ. ಯುದ್ಧ ಅವರದ್ದಲ್ಲ. ಜಪಾನ್ ಬಂತು, ಆಸ್ಟ್ರೇಲಿಯಾ ಇತ್ತು, ಅಮೆರಿಕ ಸೇರಿತು. ಹಳ್ಳಿಯ ಗಂಡಸರನ್ನು ಹೊರೆ ಹೊರಲು ಹಿಡಿದುಕೊಂಡು ಹೋದರು, ತೋಟಗಳು ಹಾಳಾದವು. ಆಕಾಶದಿಂದ ಬಂದ ಯಂತ್ರ ಯಾರದು, ಒಳಗಿರುವವರು ಏನು ಮಾಡಿಯಾರು ಎಂದು ತಿಳಿಯುವ ಬಗೆಯೇ ಇರಲಿಲ್ಲ. ಆದರೂ ಮರ ತೋಡಿ ಮಾಡಿದ ದೋಣಿಗಳನ್ನು ನೀರಿಗೆ ಎಳೆದು ಹೋದರು, ಅಪರಿಚಿತರನ್ನು ದಡಕ್ಕೆ ತಂದರು. ಈ ಕತೆಯಲ್ಲಿ ಪೈಲಟನ ಕೈಚಳಕ ದೊಡ್ಡದು, ಒಪ್ಪುತ್ತೇನೆ. ಆದರೆ ಪೈಲಟನಿಗೆ ಬೇರೆ ದಾರಿ ಇರಲಿಲ್ಲ. ದೋಣಿ ಎಳೆದವರಿಗೆ ಮನೆಯೊಳಗೆ ಉಳಿಯುವ ದಾರಿ ಇತ್ತು.

ಆಮೇಲೆ 43 ವರ್ಷ. 1986ರ ಕೊನೆಯ ಹೊತ್ತಿಗೆ ರಾಡ್ ಪಿಯರ್ಸ್, ಬ್ರೂಸ್ ಜಾನ್ಸನ್, ಡೇವಿಡ್ ಪೆನ್ನಿಫಾದರ್ ಎಂಬ ಮೂವರು ಡೈವರ್‌ಗಳು ಅಲ್ಲಿಗೆ ಹೋಗಿ ನೀರಿಗಿಳಿದು ವಿಮಾನವನ್ನು ಕಂಡರು. ಪತ್ರಿಕೆಗಳಲ್ಲಿ, ಪುಸ್ತಕಗಳಲ್ಲಿ ಅವರು ಅದನ್ನು ಪತ್ತೆ ಮಾಡಿದರು ಎಂದಿದೆ. ಅವರ ಸಾಹಸದ ಬಗ್ಗೆ ನನಗೆ ಗೌರವವಿದೆ. ಆ ಆಳಕ್ಕೆ, ಆ ದೂರದ ಕರಾವಳಿಯಲ್ಲಿ, ಇಳಿಯುವುದು ಆಟವಲ್ಲ. ಆದರೆ ಅವರಿಗೆ ಜಾಗ ತೋರಿಸಿದವರು ಯಾರು? ಊರಿನವರು. ದಿಬ್ಬದ ಯಾವ ಅಂಚಿನಲ್ಲಿ ವಿಮಾನ ಮುಳುಗಿತು ಎಂಬುದು ಬೋಗಾ ಬೋಗಾದಲ್ಲಿ ಅಜ್ಜಂದಿರಿಂದ ಮೊಮ್ಮಕ್ಕಳಿಗೆ ಬಾಯಿಂದ ಬಾಯಿಗೆ ಬಂದಿತ್ತು. ಅಮೆರಿಕದ ಕಡತಗಳಲ್ಲಿ ಅದು ಕಳೆದುಹೋದ ವಿಮಾನ. ಹಳ್ಳಿಯವರ ಮಟ್ಟಿಗೆ ಅದು ಯಾವತ್ತೂ ಕಳೆದುಹೋಗಿರಲಿಲ್ಲ. ಅವರ ಬಳಿ ಇರದಿದ್ದದ್ದು ಅಷ್ಟು ಆಳಕ್ಕೆ ಇಳಿಯುವ ಸಾಧನ ಮಾತ್ರ.

ಆ ಸಾಧನದ ಬಗ್ಗೆ ಒಂದು ಮಾತು. ಬ್ಲ್ಯಾಕ್ ಜ್ಯಾಕ್ ಮುಳುಗಿದ ಆ 1943ರ ಮಧ್ಯಭಾಗದಲ್ಲೇ, ಭೂಮಿಯ ಇನ್ನೊಂದು ಬದಿಯಲ್ಲಿ, ಶತ್ರುಸೇನೆಯ ಹಿಡಿತದಲ್ಲಿದ್ದ ಫ್ರಾನ್ಸಿನ ದಕ್ಷಿಣದ ಕರಾವಳಿಯಲ್ಲಿ ಜ್ಯಾಕ್ ಕುಸ್ಟೋ ಎಂಬ ನೌಕಾಧಿಕಾರಿ ಒಂದು ಹೊಸ ಉಪಕರಣವನ್ನು ಬೆನ್ನಿಗೆ ಕಟ್ಟಿಕೊಂಡು ಕಡಲಿಗೆ ಇಳಿಯುತ್ತಿದ್ದ. ಎಮಿಲ್ ಗ್ಯಾನ್ಯಾನ್ ಎಂಬ ಎಂಜಿನಿಯರ್ ಜೊತೆ ಸೇರಿ ಮಾಡಿದ ರೆಗ್ಯುಲೇಟರ್ ಅದು. ಸಿಲಿಂಡರಿನಲ್ಲಿ ಅದುಮಿ ತುಂಬಿದ ಗಾಳಿಯನ್ನು, ಡೈವರ್ ಉಸಿರೆಳೆದಾಗ ಮಾತ್ರ, ಸುತ್ತಲಿನ ನೀರಿನ ಒತ್ತಡಕ್ಕೆ ಸರಿಯಾಗಿ ಬಿಟ್ಟುಕೊಡುತ್ತದೆ. ಇಂದು ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಮೊದಲ ಬಾರಿ ಸ್ಕೂಬಾ ಮಾಡುವ ನಮ್ಮ ಹುಡುಗ ಹುಡುಗಿಯರ ಬಾಯಲ್ಲಿರುವುದೂ ಮೂಲದಲ್ಲಿ ಅದೇ ಯಂತ್ರ.

ನೇತ್ರಾಣಿಗೆ ಹೋಗಿ ಬಂದವರು ಕೇಳುತ್ತಿದ್ದರೆ ಅವರಿಗೆ ನೀರೊಳಗಿನ ಮೊದಲ ಹತ್ತು ಮೀಟರ್ ಪರಿಚಿತ. ಬ್ಲ್ಯಾಕ್ ಜ್ಯಾಕ್ ಇರುವುದು ಅದರ ನಾಲ್ಕೈದು ಪಟ್ಟು ಕೆಳಗೆ. ಹವ್ಯಾಸಿ ಡೈವರ್‌ಗಳಿಗೆ ತರಬೇತಿ ಸಂಸ್ಥೆಗಳು ಹಾಕಿರುವ ಗೆರೆ 40 ಮೀಟರ್. ಈ ವಿಮಾನ ಆ ಗೆರೆಯ ಆಚೆಗಿದೆ. ಅಲ್ಲಿಗೆ ಹೋಗುವವರಿಗೆ ಬೇರೆಯೇ ತರಬೇತಿ ಬೇಕು. ಯಾಕೆ ಬೇಕು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಾಗ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಮೇಲೆ ಒಂದು, 48 ಮೀಟರಿನಲ್ಲಿ ಹೆಚ್ಚು ಕಡಿಮೆ ಆರು. ಅಲ್ಲಿ ಎಳೆದುಕೊಳ್ಳುವ ಒಂದೊಂದು ಉಸಿರಿನಲ್ಲೂ ಮೇಲಿನ ಆರು ಉಸಿರಿನ ಗಾಳಿ ಖರ್ಚಾಗುತ್ತದೆ. 12 ಲೀಟರಿನ ಸಿಲಿಂಡರಿಗೆ 200 ಬಾರ್ ಒತ್ತಡದಲ್ಲಿ ಗಾಳಿ ತುಂಬಿದರೆ 2400 ಲೀಟರ್ ಆಯಿತು. ನಿಮಿಷಕ್ಕೆ 20 ಲೀಟರ್ ಉಸಿರಾಡುವವನಿಗೆ ನೆಲದ ಮೇಲೆ ಅದು ಎರಡು ಗಂಟೆ ಬರುತ್ತದೆ. ಆ ಆಳದಲ್ಲಿ ಇಪ್ಪತ್ತು ನಿಮಿಷಕ್ಕೆ ಪೂರ್ತಿ ಬರಿದು. ಮೇಲೆ ಬರಲು, ಆಪತ್ತಿಗೆ, ಜೊತೆಯವನಿಗೆ ಎಂದು ಎತ್ತಿಟ್ಟುಕೊಳ್ಳುವುದು ಬೇಡವೇ? ಹಾಗಾಗಿ ಒಂದೇ ಸಿಲಿಂಡರ್ ನಂಬಿಕೊಂಡು ಅಲ್ಲಿಗೆ ಹೋಗುವಂತಿಲ್ಲ.

ಎರಡನೆಯದು ಅಮಲು. ಒತ್ತಡ ಹೆಚ್ಚಿದಾಗ ಗಾಳಿಯ ನೈಟ್ರೋಜನ್ ಮೆದುಳನ್ನು ಮಂಕು ಮಾಡುತ್ತದೆ. 30 ಮೀಟರಿನಿಂದ ಆಚೆಗೆ ಬಹಳ ಜನರಿಗೆ ಅದು ಗೊತ್ತಾಗುತ್ತದೆ. ಕುಡಿದವರ ಹಾಗೆ ನಗುವವರಿದ್ದಾರೆ, ಕಾರಣವಿಲ್ಲದೆ ಹೆದರುವವರಿದ್ದಾರೆ. ನನ್ನ ಅನುಭವದಲ್ಲಿ ಅದು ಬರುವುದು ನಿಧಾನದ ರೂಪದಲ್ಲಿ. ಗೇಜನ್ನು ನೋಡುತ್ತೇನೆ, ಮುಳ್ಳು ಕಾಣುತ್ತದೆ, ಅಂಕಿಯೂ ಕಾಣುತ್ತದೆ, ಆ ಅಂಕಿಯಿಂದ ನಾನೇನು ಮಾಡಬೇಕು ಎಂಬುದು ಮಾತ್ರ ಒಂದು ಕ್ಷಣ ತಡವಾಗಿ ಹೊಳೆಯುತ್ತದೆ. ಆಳದಲ್ಲಿ ಆ ಒಂದು ಕ್ಷಣ ದುಬಾರಿ. ಆದ್ದರಿಂದ ಏನು ಮಾಡಬೇಕು, ಎಷ್ಟು ನಿಮಿಷಕ್ಕೆ ತಿರುಗಬೇಕು ಎಂಬ ನಿರ್ಧಾರಗಳನ್ನೆಲ್ಲ ದೋಣಿಯ ಮೇಲೇ ಮುಗಿಸಿ, ಸ್ಲೇಟಿನ ಮೇಲೆ ಬರೆದುಕೊಂಡು ಇಳಿಯುವುದು. ಕೆಲವರು ನೈಟ್ರೋಜನ್ನಿನ ಒಂದು ಪಾಲಿಗೆ ಬದಲಾಗಿ ಹೀಲಿಯಂ ಬೆರೆಸಿದ ಅನಿಲವನ್ನು ಉಸಿರಾಡುತ್ತಾರೆ. ಬುದ್ಧಿ ತಿಳಿಯಾಗಿರುತ್ತದೆ, ಖರ್ಚು ಏರುತ್ತದೆ.

ಈಗ ಇಳಿಯೋಣ. ದಿಬ್ಬದ ಮೇಲಿನ ನೀರು ಬೆಚ್ಚಗೆ, ಬೆಳಕಾಗಿ ಇದೆ. ಅಂಚು ದಾಟಿ ತಲೆ ಕೆಳಗೆ ಮಾಡಿದರೆ ಕೆಳಗೆಲ್ಲ ನೀಲಿ. ಕೆಂಪು ಬಣ್ಣ ಮೊದಲು ಹೋಗುತ್ತದೆ. ಕೆಲವೇ ಮೀಟರಿನಲ್ಲಿ ಅಂಗಿಯ ಕೆಂಪು ಪಟ್ಟಿ ಕಂದಾಗಿ, ಇನ್ನೂ ಕೆಳಗೆ ಕಪ್ಪಾಗಿ ಕಾಣುತ್ತದೆ. ಆಮೇಲೆ ಕಿತ್ತಳೆ, ಹಳದಿ. ಬೆರಳು ಕುಯ್ದುಕೊಂಡರೆ ರಕ್ತ ಹಸಿರಾಗಿ ಕಾಣುವ ಆಳ ಅದು. ಕಿವಿಯ ಒತ್ತಡ ಬಿಡಿಸಿಕೊಳ್ಳುತ್ತ, ಗೇಜ್ ನೋಡುತ್ತ ಇಳಿಯುತ್ತಿರುವಾಗ ಕೆಳಗಿನ ನೀಲಿಯಲ್ಲಿ ಒಂದು ನೇರ ಗೆರೆ ಮೂಡುತ್ತದೆ. ಕಡಲಿನಲ್ಲಿ ನೇರ ಗೆರೆಗಳು ಇಲ್ಲ. ಅದು ರೆಕ್ಕೆಯ ಅಂಚು. ನಂತರ ಅಡ್ಡ ಗೆರೆ, ಬಾಲ. ಆಮೇಲೆ ಇಡೀ ವಿಮಾನ ಒಮ್ಮೆಗೇ ಕಣ್ಣಿಗೆ ಬೀಳುತ್ತದೆ. ನೀರು ತಿಳಿಯಾಗಿದ್ದ ದಿನ ಮೂಗಿನಿಂದ ಬಾಲದವರೆಗೆ ಒಂದೇ ನೋಟಕ್ಕೆ ಸಿಗುತ್ತದೆ. ವಿಮಾನವನ್ನು ನಾವೆಲ್ಲ ಕೆಳಗಿನಿಂದ ಮೇಲೆ ನೋಡಿ ಬೆಳೆದವರು. ರೆಕ್ಕೆ ಚಾಚಿದ ವಿಮಾನದ ಮೇಲೆ ನಾವೇ ತೇಲುತ್ತ ಬರುವುದು ಮನಸ್ಸಿಗೆ ಸುಲಭವಾಗಿ ಒಗ್ಗುವುದಿಲ್ಲ.

ಹತ್ತಿರ ಹೋದರೆ ವಿವರಗಳು. ಬಾಲದ ತುದಿಯಲ್ಲಿ ಅವಳಿ ಮೆಷಿನ್ ಗನ್ನುಗಳು ಇನ್ನೂ ಹಿಂದಕ್ಕೆ ಗುರಿಯಿಟ್ಟು ನಿಂತಿವೆ. ಬೆನ್ನಿನ ಮೇಲೆ ಗೋಪುರ. ಕಾಕ್‌ಪಿಟ್‌ನಲ್ಲಿ ಡಿ ಲೋಚ್ ಹಿಡಿದಿದ್ದ ನಿಯಂತ್ರಣಗಳು. ಎಂಜಿನುಗಳ ಪ್ರೊಪೆಲ್ಲರ್ ಅಲಗುಗಳು ಬಾಗಿರುವುದನ್ನು ನೋಡಿದರೆ ನೀರಿಗೆ ತಾಗಿದ ಆ ಗಳಿಗೆಯ ಬಲ ಎಷ್ಟಿತ್ತೆಂಬುದು ಅರಿವಿಗೆ ಬರುತ್ತದೆ. ಬಿ-17ರ ಬಾಲದ ಚುಕ್ಕಾಣಿಗೆ, ರೆಕ್ಕೆಯ ಹಿಂದಂಚಿನಲ್ಲಿ ಮೇಲೆ ಕೆಳಗೆ ಆಡುವ ಪಟ್ಟಿಗಳಿಗೆ ಲೋಹದ ಹೊದಿಕೆ ಇರಲಿಲ್ಲ, ಬಟ್ಟೆಯದ್ದಿತ್ತು. ಉಪ್ಪುನೀರಿನಲ್ಲಿ ಬಟ್ಟೆ ಎಂದೋ ಕರಗಿಹೋಗಿ, ಒಳಗಿನ ಪಕ್ಕೆಲುಬುಗಳಷ್ಟೇ ಉಳಿಯುತ್ತವೆ. ಉಳಿದ ಮೈ ಅಲ್ಯೂಮಿನಿಯಂ. ಅಲೆಗಳ ಹೊಡೆತ ಆ ಆಳಕ್ಕೆ ಮುಟ್ಟುವುದಿಲ್ಲ, ಬೆಳಕು ಕಡಿಮೆಯಾದ್ದರಿಂದ ಹವಳವೂ ಅದನ್ನು ಪೂರ್ತಿ ಮುಚ್ಚುವ ಹಾಗೆ ಬೆಳೆಯುವುದಿಲ್ಲ. ದಿಬ್ಬದ ಮೇಲೆಯೇ ಬಿದ್ದಿದ್ದರೆ ಕೆಲವೇ ಮಳೆಗಾಲಗಳಲ್ಲಿ ನುಚ್ಚುನೂರಾಗುತ್ತಿತ್ತು. ಆದರೆ ಆಳವೂ ಎಲ್ಲದರಿಂದ ಕಾಪಾಡುವುದಿಲ್ಲ. ಅಲ್ಯೂಮಿನಿಯಂ ಮತ್ತು ಉಕ್ಕು ಒಂದಕ್ಕೊಂದು ತಾಗಿಕೊಂಡು ಉಪ್ಪುನೀರಿನಲ್ಲಿದ್ದರೆ ಅಲ್ಲಿ ಸಣ್ಣದೊಂದು ವಿದ್ಯುತ್ ಹರಿಯತೊಡಗಿ ಅಲ್ಯೂಮಿನಿಯಂ ಸವೆಯುತ್ತದೆ. ವಿಮಾನದ ಒಳಗೆ ಹೊಕ್ಕ ಡೈವರ್ ಬಿಟ್ಟ ಉಸಿರಿನ ಗುಳ್ಳೆಗಳು ಚಾವಣಿಗೆ ಅಂಟಿ ನಿಂತು ತುಕ್ಕಿಗೆ ಆಮ್ಲಜನಕ ಒದಗಿಸುತ್ತವೆ. ಆದ್ದರಿಂದ ಹೊರಗಿನಿಂದ ನೋಡಿ ಬರುವುದೇ ಸರಿ ಎನ್ನುವವರ ಪಕ್ಷ ನನ್ನದು.

ಇಷ್ಟು ನೋಡುವಷ್ಟರಲ್ಲಿ ಸಮಯ ಮುಗಿಯಿತು. ಮೇಲೆ ಹೊರಡಬೇಕು, ಆದರೆ ನೇರ ಹೋಗುವಂತಿಲ್ಲ. ಕೆಳಗಿದ್ದಷ್ಟು ಹೊತ್ತು ನೈಟ್ರೋಜನ್ ರಕ್ತದಲ್ಲಿ, ಕೊಬ್ಬಿನಲ್ಲಿ, ಕೀಲುಗಳಲ್ಲಿ ಕರಗಿ ಸೇರಿಕೊಂಡಿರುತ್ತದೆ. ತಟ್ಟನೆ ಒತ್ತಡ ಇಳಿದರೆ ಅದು ಗುಳ್ಳೆಯಾಗಿ ಏಳುತ್ತದೆ. ಕೀಲುನೋವಿನಿಂದ ಹಿಡಿದು ಪಾರ್ಶ್ವವಾಯು, ಸಾವಿನವರೆಗೆ ಏನಾದರೂ ಆಗಬಹುದು. ಇದಕ್ಕೆ ಪರಿಹಾರ ಹುಡುಕಿದವರು ಜಾನ್ ಹಾಲ್ಡೇನ್ ಎಂಬ ಬ್ರಿಟಿಷ್ ವಿಜ್ಞಾನಿ. ಬ್ರಿಟನ್ನಿನ ನೌಕಾಪಡೆಗಾಗಿ ಆಡುಗಳನ್ನು ಒತ್ತಡದ ಕೋಣೆಯಲ್ಲಿ ಇಟ್ಟು ಪರೀಕ್ಷಿಸಿ, ಹಂತಹಂತವಾಗಿ ನಿಂತು ನಿಂತು ಮೇಲೆ ಬರುವ ಪಟ್ಟಿಯನ್ನು 1908ರಲ್ಲಿ ಪ್ರಕಟಿಸಿದರು. ಇಂದು ಡೈವರ್ ಕೈಯಲ್ಲಿರುವ ಪುಟ್ಟ ಕಂಪ್ಯೂಟರ್ ಮಾಡುವ ಲೆಕ್ಕದ ಬೇರು ಅಲ್ಲಿದೆ. ವಿಮಾನದ ಬಳಿ ಇಪ್ಪತ್ತು ನಿಮಿಷ ಕಳೆದವರು ಅಷ್ಟೇ ಹೊತ್ತು, ಕೆಲವೊಮ್ಮೆ ಅದಕ್ಕೂ ಹೆಚ್ಚು, ದಿಬ್ಬದ ಗೋಡೆಯ ಪಕ್ಕ ತೇಲುತ್ತ ಕಾಯಬೇಕು. ಬೇಸರವೇ ಎಂದು ಕೇಳುತ್ತಾರೆ. ಇಲ್ಲ. ಕೆಳಗೆ ಮಂಕಾಗಿದ್ದ ಬುದ್ಧಿ ಮೇಲೆ ಬಂದಂತೆ ತಿಳಿಯಾಗುತ್ತದೆ, ಕಂಡದ್ದೆಲ್ಲ ಆಗ ಸಾಲಾಗಿ ನೆನಪಿಗೆ ಬರುತ್ತದೆ. ಹತ್ತಿರದಲ್ಲಿ ಒತ್ತಡದ ಕೋಣೆಯಿರುವ ಆಸ್ಪತ್ರೆ ಇಲ್ಲದ ಕರಾವಳಿ ಅದು. ಕಾಯುವುದರಲ್ಲಿ ಒಂದು ನಿಮಿಷವನ್ನೂ ಕದಿಯಬಾರದು.

ಪೆಸಿಫಿಕ್‌ನಲ್ಲಿ ಮುಳುಗಿದ ವಿಮಾನಗಳು ಬೇಕಾದಷ್ಟಿವೆ. ಚೂಕ್ ಲಗೂನಿನಲ್ಲಿ ಜಪಾನಿನ ಬಾಂಬರ್ ಒಂದು ಹೊಸದಾಗಿ ಕಲಿತವರೂ ಹೋಗಬಹುದಾದ ಆಳದಲ್ಲಿದೆ. ಕ್ವಾಜಲೀನ್‌ನಲ್ಲಿ ಯುದ್ಧ ಮುಗಿದ ಮೇಲೆ ಅಮೆರಿಕನ್ನರೇ ಬೇಡವಾದ ವಿಮಾನಗಳನ್ನು ರಾಶಿ ರಾಶಿ ನೀರಿಗೆ ತಳ್ಳಿದರು. ಇನ್ನೆಷ್ಟೋ ವಿಮಾನಗಳು ಅವುಗಳಲ್ಲಿದ್ದ ಹುಡುಗರ ಸಮಾಧಿ. ಅವುಗಳ ಮುಂದೆ ಕ್ಯಾಮೆರಾ ಹಿಡಿಯುವಾಗ ಕೈ ಹಿಂಜರಿಯಬೇಕು. ನಮ್ಮ ದೇಶದವರೂ ಆ ಕಡಲಿನ ಕತೆಯೊಳಗೆ ಇದ್ದಾರೆ. ಸಿಂಗಪುರದಲ್ಲಿ ಸೆರೆಸಿಕ್ಕ ಸಾವಿರಾರು ಭಾರತೀಯ ಸೈನಿಕರನ್ನು ಜಪಾನ್ ಕೂಲಿಗಾಗಿ ನ್ಯೂಗಿನಿಗೆ, ರಬೌಲ್‌ಗೆ ಸಾಗಿಸಿತು. ಹಸಿವು, ರೋಗ, ಹೊಡೆತಗಳ ಜೊತೆಗೆ ಮಿತ್ರಪಕ್ಷದ ಬಾಂಬುಗಳಿಗೂ ಅವರು ತಲೆಕೊಡಬೇಕಾಯಿತು. ರಬೌಲ್ ಸಮೀಪದ ಬಿಟಾ ಪಾಕಾ ಯುದ್ಧ ಸ್ಮಶಾನದಲ್ಲಿ ಭಾರತೀಯರ ಸಮಾಧಿಗಳಿವೆ. ಬಿ-17ಗಳು ರಾತ್ರಿ ಹೊತ್ತು ರಬೌಲಿಗೆ ಹೋಗುತ್ತಿದ್ದವು ಎಂದು ಓದುವಾಗ ಕೆಳಗೆ ಕಂದಕಗಳಲ್ಲಿದ್ದ ಅವರನ್ನು ನಾನು ಮರೆಯಲಾರೆ.

ಬ್ಲ್ಯಾಕ್ ಜ್ಯಾಕ್‌ಗೆ ಒಬ್ಬ ಒಡಹುಟ್ಟಿದವನಿದ್ದಾನೆ. ಅವನೂ ಬಿ-17, ಅವನೂ ರಬೌಲಿನಿಂದ ಮರಳುತ್ತಿದ್ದ. 1942ರ ಫೆಬ್ರವರಿಯಲ್ಲಿ, ಇದೇ ಉತ್ತರ ಕರಾವಳಿಯ ಅಗೈಂಬೊ ಎಂಬ ಜೌಗಿನಲ್ಲಿ ಹೊಟ್ಟೆಯ ಮೇಲೆ ಇಳಿದ. ಅಲ್ಲೂ ಎಲ್ಲರೂ ಬದುಕಿದರು. ಆ ವಿಮಾನ ದಶಕಗಳ ಕಾಲ ಎತ್ತರದ ಹುಲ್ಲಿನ ನಡುವೆ ಹಾಗೆಯೇ ಇತ್ತು. ‘ಸ್ವಾಂಪ್ ಘೋಸ್ಟ್’ ಎಂದು ಹೆಸರಾಯಿತು. 2006ರಲ್ಲಿ ಅದನ್ನು ಬಿಚ್ಚಿ ಹೆಲಿಕಾಪ್ಟರಿನಿಂದ ಎತ್ತಿದರು. ಊರವರಿಂದ ಹಿಡಿದು ಸಂಸತ್ತಿನವರೆಗೆ ಜಗಳವಾಯಿತು, ಸಂಸದೀಯ ಸಮಿತಿ ವಿಚಾರಣೆ ನಡೆಸಿತು, ವರ್ಷಗಟ್ಟಲೆ ಬಂದರಿನಲ್ಲಿ ಬಿದ್ದಿತ್ತು. ಈಗ ಅದು ಹವಾಯಿಯ ಪರ್ಲ್ ಹಾರ್ಬರಿನ ವಸ್ತುಸಂಗ್ರಹಾಲಯದಲ್ಲಿದೆ. ಅಲ್ಲಿ ಅದನ್ನು ನೋಡುವವರ ಸಂಖ್ಯೆ ದೊಡ್ಡದು, ತುಕ್ಕಿನಿಂದ ಉಳಿದೀತು ಎಂಬ ವಾದದಲ್ಲೂ ಹುರುಳಿದೆ. ಆದರೂ ನನ್ನ ಮನಸ್ಸು ಒಪ್ಪುವುದಿಲ್ಲ. ಪರ್ಲ್ ಹಾರ್ಬರಿನಲ್ಲಿ ಅದು ಅಮೆರಿಕದ ಒಂದು ವಿಮಾನ. ತನ್ನ ಜೌಗಿನಲ್ಲಿ ಅದು ಪಪುವಾದವರು ಕಂಡ ಯುದ್ಧದ ಕುರುಹಾಗಿತ್ತು. ಬ್ಲ್ಯಾಕ್ ಜ್ಯಾಕ್‌ನನ್ನು ಯಾರೂ ಎತ್ತದಿರಲಿ. ಗನ್ನಿನ ಒಂದು ತೋಟಾವನ್ನೂ, ಒಂದು ಗುಂಡಿಯನ್ನೂ ಯಾರೂ ಜೇಬಿಗೆ ಹಾಕಿಕೊಳ್ಳದಿರಲಿ. ಸವೆಯುವುದಾದರೆ ಬೋಗಾ ಬೋಗಾದ ಎದುರಿಗೇ ಸವೆಯಲಿ.

ಹೋಗಬೇಕೆನ್ನುವ ಯುವಕ ಯುವತಿಯರಿಗೆ ಕೆಲವು ಮಾತು. ನೇತ್ರಾಣಿಯಲ್ಲಿ, ಮಳೆಗಾಲ ಮುಗಿದ ಮೇಲೆ, ಶುರುಮಾಡಿ. ಅಂಡಮಾನಿನಲ್ಲಿ 30 ಮೀಟರಿನ ಅಭ್ಯಾಸ ಮಾಡಿ. ಆಮೇಲೆ ಹಂತಹಂತವಾಗಿ ನಿಂತು ಮೇಲೆ ಬರುವ ಡಿಕಂಪ್ರೆಷನ್ ತರಬೇತಿ ಪಡೆಯಿರಿ. ಅದಕ್ಕೆ ಅವಸರ ಬೇಡ, ವಿಮಾನ ಎಲ್ಲಿಗೂ ಹೋಗುವುದಿಲ್ಲ. ಪಪುವಾ ನ್ಯೂಗಿನಿಯಲ್ಲಿ ಪೋರ್ಟ್ ಮೋರ್ಸ್‌ಬಿಯಿಂದ ಆ ಕರಾವಳಿಗೆ ರಸ್ತೆಯಿಲ್ಲ. ಅಲೋಟಾವ್ ಅಥವಾ ಟುಫಿ ಎಂಬ ಊರಿಗೆ ವಿಮಾನದಲ್ಲಿ ಹೋಗಿ ಅಲ್ಲಿಂದ ದೋಣಿ ಹಿಡಿಯಬೇಕು. ಇಂಥ ಡೈವ್ ಆದ ಮೇಲೆ ಮತ್ತೆ ವಿಮಾನ ಹತ್ತುವ ಮುನ್ನ ಒಂದು ದಿನವಾದರೂ ನೆಲದ ಮೇಲೆ ಇರಬೇಕು. ಆ ದಿನವನ್ನು ಹಳ್ಳಿಯಲ್ಲಿ ಕಳೆಯಿರಿ. ಆ ಪ್ರಾಂತ್ಯದಲ್ಲಿ ದಿಬ್ಬ, ಅದರ ಮೀನು, ಅದರ ನೀರು ಪರಂಪರೆಯಿಂದ ಊರಿನವರ ಒಡೆತನದ್ದು. ಇಳಿಯುವ ಮುನ್ನ ಅವರನ್ನು ಕೇಳಿ, ಕೊಡಬೇಕಾದದ್ದನ್ನು ಕೊಡಿ. 1943ರ ಜುಲೈಯಲ್ಲಿ ದೋಣಿ ಎಳೆದವರ ಮಕ್ಕಳು, ಮೊಮ್ಮಕ್ಕಳು ಅಲ್ಲಿದ್ದಾರೆ. ವಿಮಾನದ ಕತೆಯನ್ನು ಅವರ ಬಾಯಿಂದ ಮೊದಲು ಕೇಳಿ, ಆಮೇಲೆ ನೀರಿಗೆ ಇಳಿಯಿರಿ.